ಯಾಕೋಬನ ಆಯ್ಕೆಗಳು, ದೇವರ ಚಿತ್ತ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರದ ಸತ್ಯವೇದ ತರಗತಿಯಲ್ಲಿ ಅಬ್ರಹಾಮನ ಪಾಠ ಮುಗಿಯುವವರೆಗೂ ಎಲ್ಲರೂ ತಲೆಯಾಡಿಸುತ್ತಾ ಕೂತಿರುತ್ತಾರೆ. ಯಾಕೋಬ ಬಂದ ಕೂಡಲೇ ಕೈಗಳು ಮೇಲೇಳುತ್ತವೆ. ಅಣ್ಣನಿಗೆ ಮೋಸ, ಕಣ್ಣು ಕಾಣದ ಅಪ್ಪನಿಗೆ ಸುಳ್ಳು, ಮಾವನ ಜೊತೆ ಇಪ್ಪತ್ತು ವರ್ಷ ಜಟಾಪಟಿ. ಇಷ್ಟಾದರೂ 'ಇಸ್ರಾಯೇಲ್' ಅನ್ನುವ ಹೆಸರು ಅವನಿಗೇ. ಇದ್ಯಾವ ನ್ಯಾಯ? ತರಗತಿಯಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಜೋಡಿಸಿದ್ದೇನೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ನಾಲ್ಕು ಸಾಲು ಸಾಕು.

ಯಾಕೋಬ ಯಾರು? ಚುಟುಕಾಗಿ ಹೇಳಿ.

ಅಬ್ರಹಾಮನ ಮೊಮ್ಮಗ. ಇಸಾಕ ಮತ್ತು ರೆಬೆಕ್ಕರಿಗೆ ಮದುವೆಯಾಗಿ 20 ವರ್ಷದ ಮೇಲೆ ಹುಟ್ಟಿದ ಅವಳಿಗಳಲ್ಲಿ ಎರಡನೆಯವನು. ಮೊದಲು ಏಸಾವ ಬಂದ, ಅವನ ಹಿಮ್ಮಡಿ ಹಿಡಿದುಕೊಂಡೇ ಇವನು ಬಂದ. ಹೀಬ್ರೂ ಭಾಷೆಯಲ್ಲಿ ಹಿಮ್ಮಡಿಗೆ 'ಆಕೇವ್' ಅನ್ನುತ್ತಾರೆ, 'ಯಾಕೋವ್' ಅನ್ನುವ ಹೆಸರಲ್ಲಿ ಅದೇ ಶಬ್ದ ಕೇಳಿಸುತ್ತದೆ. ನಮ್ಮಲ್ಲಿ ಕಾಲೆಳೆಯುವುದು ಅಂದರೆ ಹೆಚ್ಚಾಗಿ ತಮಾಷೆ. ಅಲ್ಲಿ ಅದಕ್ಕೆ ವಂಚಿಸುವುದು ಅನ್ನುವ ಅರ್ಥವೂ ಇದೆ. ಅವನ ಕಥೆ ಸತ್ಯವೇದದ ಮೊದಲ ಪುಸ್ತಕ ಆದಿಕಾಂಡದ 25ನೇ ಅಧ್ಯಾಯದಲ್ಲಿ ಶುರುವಾಗಿ 50ರವರೆಗೂ ಹೋಗುತ್ತದೆ.

ಹುಟ್ಟುವ ಮೊದಲೇ ದೇವರು ತೀರ್ಮಾನ ಮಾಡಿದ್ದರಲ್ಲ, ಹಾಗಾದರೆ ಯಾಕೋಬನ ತಪ್ಪೇನು?

ಅತಿ ಜಾಸ್ತಿ ಸಲ ಬಂದ ಪ್ರಶ್ನೆ ಇದೇ. ಹೊಟ್ಟೆಯಲ್ಲಿ ಮಕ್ಕಳು ನೂಕಾಡಿದಾಗ ರೆಬೆಕ್ಕ ದೇವರನ್ನು ಕೇಳಿದಳು. ನಿನ್ನೊಳಗೆ ಎರಡು ಜನಾಂಗಗಳಿವೆ, ದೊಡ್ಡವನು ಚಿಕ್ಕವನಿಗೆ ಸೇವೆ ಮಾಡುವನು ಅಂತ ಉತ್ತರ ಬಂತು (ಆದಿಕಾಂಡ 25:23).

ಆ ಮಾತಿನಲ್ಲಿ 'ಯಾರು' ಅನ್ನೋದು ಇದೆ. 'ಹೇಗೆ' ಅನ್ನೋದು ಇಲ್ಲ. ಸುಳ್ಳು ಹೇಳು, ವೇಷ ಹಾಕು, ಅಪ್ಪನ ಕುರುಡುತನವನ್ನು ಬಳಸಿಕೋ ಅಂತ ಯಾರೂ ಹೇಳಿರಲಿಲ್ಲ. ಇನ್ನೊಂದು ಸಣ್ಣ ವಿಷಯ ಗಮನಿಸಿ. ಬಸುರಿಯಾಗಿದ್ದಾಗ ಹೊಟ್ಟೆಯೊಳಗಿನ ಗುದ್ದಾಟಕ್ಕೇ ದೇವರ ಹತ್ತಿರ ಹೋಗಿದ್ದ ರೆಬೆಕ್ಕ, 27ನೇ ಅಧ್ಯಾಯದಲ್ಲಿ ಅಷ್ಟು ದೊಡ್ಡ ನಾಟಕ ಹೂಡುವಾಗ ದೇವರನ್ನು ಒಂದು ಮಾತೂ ಕೇಳುವುದಿಲ್ಲ. ಕೇಳಬೇಕಾದ ಕಡೆ ಕೇಳದೇ ಇದ್ದಳು. ಕೊಡ್ತೀನಿ ಅಂದವರ ಕೈಯಿಂದಲೇ ಕಿತ್ತುಕೊಂಡ ಹಾಗಾಯ್ತು.

ಮಕ್ಕಳು ಒಳ್ಳೆಯದು ಕೆಟ್ಟದ್ದು ಮಾಡುವ ಮೊದಲೇ ಈ ಮಾತು ಬಂತು ಅಂತ ರೋಮಾಪುರದವರಿಗೆ ಬರೆದ ಪತ್ರದ 9ನೇ ಅಧ್ಯಾಯದಲ್ಲಿ ಪೌಲನೂ ಹೇಳುತ್ತಾನೆ. ದೇವರು ಆರಿಸಿಕೊಂಡದ್ದು ಯೋಗ್ಯತೆ ನೋಡಿ ಅಲ್ಲ ಅನ್ನುವುದು ಅವನ ವಾದ. ಯಾಕೋಬ ಮಾಡಿದ್ದೆಲ್ಲಾ ಸರಿ ಅಂತ ಅವನೂ ಹೇಳುವುದಿಲ್ಲ. ಪೂರ್ವನಿರ್ಣಯದ ಬಗ್ಗೆ, ಅಂದರೆ ದೇವರು ಎಲ್ಲವನ್ನೂ ಮೊದಲೇ ತೀರ್ಮಾನಿಸಿರುತ್ತಾರಾ ಅನ್ನುವ ಬಗ್ಗೆ, ಸಭೆಗಳಲ್ಲಿ ನೂರಾರು ವರ್ಷಗಳಿಂದ ನಡೆಯುತ್ತಿರುವ ವಾದಕ್ಕೆ ನಾನು ಇಲ್ಲಿ ಕಾಲಿಡುವುದಿಲ್ಲ. ಇಟ್ಟರೆ ಉಳಿದ ಪ್ರಶ್ನೆಗಳಿಗೆ ಜಾಗವೇ ಇರುವುದಿಲ್ಲ.

ಬೇಳೆ ಸಾರಿಗೆ ಚೊಚ್ಚಲತನದ (ಹಿರಿಯ ಮಗನ) ಹಕ್ಕು ಯಾಕೋಬನಿಗೆ ಮಾರಿದ್ದು ಏಸಾವ ತಾನೇ? ಅದರಲ್ಲಿ ಮೋಸ ಎಲ್ಲಿದೆ?

ಮೋಸ ಇಲ್ಲ. ಜಿಪುಣತನ ಇದೆ. ಬೇಟೆಯಿಂದ ಸುಸ್ತಾಗಿ ಬಂದ ಏಸಾವನಿಗೆ ಆ ಅಡುಗೆಯ ಹೆಸರು ಹೇಳುವಷ್ಟೂ ತಾಳ್ಮೆ ಇರಲಿಲ್ಲ. ಆ ಕೆಂಪಗಿರೋದು, ಆ ಕೆಂಪಗಿರೋದು ಕೊಡು ಅಂದ. ನಾವು ಚನ್ನಂಗಿ ಬೇಳೆ ಅನ್ನುತ್ತೇವಲ್ಲ, ಆ ಜಾತಿಯ ಬೇಳೆ. ತಿಂದ, ಕುಡಿದ, ಎದ್ದ, ಹೋದ. ನಾಲ್ಕು ಕ್ರಿಯಾಪದದಲ್ಲಿ ಅವನ ಕಥೆ ಮುಗಿಸಿ, ಹಕ್ಕನ್ನು ತಾತ್ಸಾರ ಮಾಡಿದ ಅಂತ ತಪ್ಪನ್ನು ಅವನ ಮೇಲೇ ಹೊರಿಸುತ್ತದೆ ಆದಿಕಾಂಡ. ಆದರೂ ಹಸಿದು ಬಂದ ಒಡಹುಟ್ಟಿದವನಿಗೆ ಬಡಿಸುವ ಮೊದಲು ಆಣೆ ಹಾಕಿಸಿಕೊಂಡವನನ್ನು ನಮ್ಮ ಮನೆಗಳಲ್ಲಿ ಏನಂತಾರೆ, ನಿಮಗೇ ಗೊತ್ತು.

ಅಪ್ಪನಿಗೆ ಮೋಸ ಮಾಡಿ ಪಡೆದ ಆಶೀರ್ವಾದವನ್ನು ದೇವರು ಹೇಗೆ ಒಪ್ಪಿಕೊಂಡರು?

ಬೇಟೆಯಾಡಿ ಅಡುಗೆ ಮಾಡಿ ತಾ, ಆಶೀರ್ವಾದ ಮಾಡ್ತೀನಿ ಅಂತ ಇಸಾಕ ಏಸಾವನನ್ನು ಕಳಿಸಿದ್ದ. ಅಷ್ಟರಲ್ಲಿ ರೆಬೆಕ್ಕ, ಮೈತುಂಬ ಕೂದಲಿದ್ದ ಏಸಾವನ ವೇಷವನ್ನು ಯಾಕೋಬನಿಗೆ ಹಾಕಿ ಒಳಗೆ ಕಳಿಸಿದಳು. ಮೊದಲು ಆ ಗುಡಾರದ ಒಳಗೆ ಹೋಗಿ ನೋಡೋಣ. ಇಸಾಕನಿಗೆ ಕಣ್ಣು ಕಾಣುವುದಿಲ್ಲ. ಉಳಿದ ನಾಲ್ಕು ಇಂದ್ರಿಯಗಳಿಂದ ಪರೀಕ್ಷೆ ಮಾಡುತ್ತಾನೆ. ಮುಟ್ಟಿ ನೋಡಿದ, ಕೈಮೇಲೆ ಆಡುಮರಿಯ ಚರ್ಮ. ಮೂಸಿ ನೋಡಿದ, ಏಸಾವನ ಬಟ್ಟೆಯ ಹೊಲದ ವಾಸನೆ. ರುಚಿ ನೋಡಿದ, ಬೇಟೆ ಮಾಂಸದ ಜಾಗದಲ್ಲಿ ರೆಬೆಕ್ಕ ಮಸಾಲೆ ಹಾಕಿದ ಆಡಿನ ಮಾಂಸ. ಕಿವಿ ಮಾತ್ರ ಸರಿಯಾಗಿ ಹೇಳಿತು: ಸ್ವರ ಯಾಕೋಬನದು, ಕೈಗಳು ಏಸಾವನವು. ಮುದುಕ ಕಿವಿಯ ಮಾತು ಕೇಳಲಿಲ್ಲ.

ಯಾಕೋಬನಿಗೆ ಮೊದಲಿದ್ದ ಅಳುಕು ಏನು ಗೊತ್ತಾ? ಇದು ತಪ್ಪು ಅನ್ನುವುದಲ್ಲ. ಅಪ್ಪ ಮುಟ್ಟಿ ನೋಡಿದರೆ ಸಿಕ್ಕಿಬೀಳ್ತೀನಿ ಅನ್ನುವುದು. ಇನ್ನೂ ಕೆಟ್ಟದ್ದು ಆಮೇಲೆ. ಇಷ್ಟು ಬೇಗ ಬೇಟೆ ಹೇಗೆ ಸಿಕ್ಕಿತು ಅಂತ ಅಪ್ಪ ಕೇಳಿದರೆ, ನಿನ್ನ ದೇವರು ಎದುರಿಗೆ ತಂದುಕೊಟ್ಟರು ಅಂದ (27:20). ಸುಳ್ಳಿಗೆ ದೇವರನ್ನೂ ಸಾಕ್ಷಿಗೆ ಎಳೆದ. 'ನಿನ್ನ ದೇವರು' ಅಂದ, 'ನನ್ನ ದೇವರು' ಅನ್ನಲಿಲ್ಲ.

ಈಗ ಪ್ರಶ್ನೆಗೆ ಬರ್ತೀನಿ. ಅವನು ಕದ್ದ ಆಶೀರ್ವಾದದಲ್ಲಿ ಮುಖ್ಯವಾಗಿ ಇದ್ದದ್ದು ಮೂರು: ಮಂಜು ಬೀಳುವ ಸಾರದ ಭೂಮಿ, ಹೇರಳ ದವಸ ಮತ್ತು ದ್ರಾಕ್ಷಾರಸ, ಅಣ್ಣತಮ್ಮಂದಿರು ನಿನಗೆ ಅಡ್ಡಬೀಳಲಿ ಅನ್ನುವ ಮಾತು. ಅಬ್ರಹಾಮನಿಗೆ ಕೊಟ್ಟ ನಾಡು, ಸಂತಾನದ ಮಾತು ಅಲ್ಲಿ ಇರಲಿಲ್ಲ. ಅದು ಬಂದದ್ದು ಮುಂದಿನ ಅಧ್ಯಾಯದಲ್ಲಿ. ಮೋಸ ಗೊತ್ತಾದ ಮೇಲೆ ಇಸಾಕ ಇವನನ್ನು ಕರೆಸಿ, ಇವನು ಯಾಕೋಬ ಅಂತ ತಿಳಿದೇ, ಅಬ್ರಹಾಮನ ಆಶೀರ್ವಾದ ನಿನಗೆ ಬರಲಿ ಅಂದ (28:3-4). ಆಡಿನ ಚರ್ಮ ಬೇಕಾಗಲಿಲ್ಲ, ಅಣ್ಣನ ಅಂಗಿಯೂ ಬೇಕಾಗಲಿಲ್ಲ.

ಕದ್ದ ಮಾಲಿನ ಗತಿ ಏನಾಯ್ತು? ಇಪ್ಪತ್ತು ವರ್ಷದ ಮೇಲೆ ಅಣ್ಣ ಎದುರಾದಾಗ ಏಳು ಸಲ ನೆಲಕ್ಕೆ ಬಗ್ಗಿದವನು ಯಾಕೋಬ. 'ನನ್ನ ಒಡೆಯನೇ' ಅಂದವನೂ ಅವನೇ. ಹೇರಳ ದವಸದ ಆಶೀರ್ವಾದ ಪಡೆದವನು ಮುಪ್ಪಿನಲ್ಲಿ ಬರಗಾಲಕ್ಕೆ ಸಿಕ್ಕಿ, ದವಸ ಕೊಂಡು ತನ್ನಿ ಅಂತ ಮಕ್ಕಳನ್ನು ಐಗುಪ್ತಕ್ಕೆ (ಈಜಿಪ್ಟ್) ಕಳಿಸಿದ. ಹಾಗಾಗಿ ದೇವರು ಆ ಮೋಸವನ್ನು ಒಪ್ಪಿಕೊಂಡರು ಅನ್ನುವುದಕ್ಕಿಂತ, ಅದನ್ನು ಬಿಟ್ಟು ಬೇರೆ ದಾರಿಯಲ್ಲಿ ಕೊಡಬೇಕಾದ್ದನ್ನು ಕೊಟ್ಟರು ಅನ್ನುವುದೇ ಸರಿ ಅಂತ ನನಗೆ ಕಾಣುತ್ತದೆ.

ಅಂದರೆ ಶಿಕ್ಷೆಯೇ ಆಗಲಿಲ್ಲವಾ?

ಆಯ್ತು. ಅದೂ ಅದೇ ಸಾಮಾನುಗಳಿಂದ.

ಕತ್ತಲಲ್ಲಿ ಅಪ್ಪನಿಗೆ ಒಬ್ಬನ ಬದಲು ಇನ್ನೊಬ್ಬನಾಗಿ ನಿಂತ. ಖಾರಾನಿನಲ್ಲಿ ಸೋದರಮಾವ ಲಾಬಾನ ಮದುವೆಯ ರಾತ್ರಿ ಒಬ್ಬಳ ಬದಲು ಇನ್ನೊಬ್ಬಳನ್ನು ಕಳಿಸಿದ. ಬೆಳಗಾದರೆ ಕಿರಿಯ ಮಗಳು ರಾಹೇಲಳ ಜಾಗದಲ್ಲಿ ಹಿರಿಯಳು ಲೇಯ. ಯಾಕೆ ಮೋಸ ಮಾಡಿದೆ ಅಂತ ಕೂಗಾಡಿದಾಗ ಲಾಬಾನ ಹೇಳಿದ್ದು, ಹಿರಿಯಳನ್ನು ಬಿಟ್ಟು ಕಿರಿಯಳನ್ನು ಕೊಡುವ ಪದ್ಧತಿ ನಮ್ಮ ಊರಲ್ಲಿಲ್ಲ ಅಂತ. ಹಿರಿಯನನ್ನು ದಾಟಿ ಬಂದ ಕಿರಿಯನಿಗೆ ಈ ಮಾತು! ಲಾಬಾನನಿಗೆ ಹಳೇ ಕಥೆ ಗೊತ್ತಿತ್ತಾ ಇಲ್ಲವಾ, ಯಾಕೋಬನಿಗಂತೂ ಎಲ್ಲಿ ತಗುಲಬೇಕೋ ಅಲ್ಲಿ ತಗುಲಿರಬೇಕು.

ಆಡಿನ ಚರ್ಮ, ಅಣ್ಣನ ಅಂಗಿ. ಅದರ ಲೆಕ್ಕ ಇನ್ನೂ ತಡವಾಗಿ ಬಂತು. ಅವನ ಹತ್ತು ಮಕ್ಕಳು ತಮ್ಮ ಯೋಸೇಫನನ್ನು ಐಗುಪ್ತಕ್ಕೆ ಗುಲಾಮನಾಗಿ ಮಾರಿ, ಹೋತವನ್ನು ಕಡಿದು, ಯೋಸೇಫನ ಅಂಗಿಯನ್ನು ಅದರ ರಕ್ತದಲ್ಲಿ ಅದ್ದಿ, ಇದು ನಿನ್ನ ಮಗನದ್ದಾ ನೋಡು ಅಂತ ಅಪ್ಪನ ಮುಂದೆ ಇಟ್ಟರು.

ರೆಬೆಕ್ಕಳ ಪಾಲೂ ಇದೆ. ಶಾಪ ಬಂದರೆ ನನಗಿರಲಿ ಮಗನೇ ಅಂದಿದ್ದಳು. ಏಸಾವನ ಸಿಟ್ಟು ಇಳಿಯುವವರೆಗೆ ಸ್ವಲ್ಪ ದಿನ ನನ್ನ ಅಣ್ಣ ಲಾಬಾನನ ಮನೆಯಲ್ಲಿದ್ದು ಬಾ ಅಂತ ಕಳಿಸಿದಳು. ಆ ಸ್ವಲ್ಪ ದಿನ ಇಪ್ಪತ್ತು ವರ್ಷವಾಯ್ತು. ಅವಳು ಮಗನನ್ನು ಮತ್ತೆ ನೋಡಿದಳು ಅಂತ ಎಲ್ಲೂ ಬರೆದಿಲ್ಲ. ಅವಳ ದಾದಿ ದೆಬೋರಳ ಸಾವು ದಾಖಲಾಗಿದೆ, ಅವಳ ಸಾವಿಲ್ಲ.

ಇದು ನಮ್ಮ 'ಮಾಡಿದ್ದುಣ್ಣೋ ಮಹರಾಯ' ಅಲ್ವಾ? ಅಥವಾ ಹಣೆಬರಹ?

ಅರ್ಧ ಹೌದು. ಉಣ್ಣುವ ಭಾಗ ಈಗಷ್ಟೇ ಓದಿದ್ದೀರಿ. ಆದರೆ ಆ ಗಾದೆಯಲ್ಲಿ ಲೆಕ್ಕ ಚುಕ್ತಾ ಆದರೆ ಮುಗೀತು. ಇಲ್ಲಿ ಮಧ್ಯೆ ಬೇತೇಲ್ ಅನ್ನುವ ಜಾಗ ಬರುತ್ತದೆ. ಮನೆ ಬಿಟ್ಟು ಓಡುವಾಗ, ಕಲ್ಲಿಗೆ ತಲೆಯಿಟ್ಟು ಮಲಗಿದವನಿಗೆ, ಇನ್ನೂ ಒಂದು ಕ್ಷಮೆಯ ಮಾತೂ ಆಡದವನಿಗೆ, ಏಣಿಯ ಕನಸು ಬಿತ್ತು. ಅಲ್ಲಿ ದೇವರು ಬೈಯುವುದಿಲ್ಲ. ನಿನ್ನ ಸಂಗಡ ಇರುತ್ತೇನೆ, ಹೋದಲ್ಲೆಲ್ಲಾ ಕಾಯುತ್ತೇನೆ, ಈ ನಾಡಿಗೆ ವಾಪಸ್ ಕರೆತರುತ್ತೇನೆ ಅನ್ನುತ್ತಾರೆ. ಬರೀ ಲೆಕ್ಕ ಇದ್ದಿದ್ದರೆ ಆ ರಾತ್ರಿ ಸುಮ್ನೆ ಕಲ್ಲು ಮತ್ತು ಚಳಿ ಇರುತ್ತಿತ್ತು.

ಹಣೆಬರಹ ಅನ್ನುವುದಕ್ಕೂ ಇದು ಒಗ್ಗುವುದಿಲ್ಲ. ಹಣೆಬರಹದ ಜೊತೆ ಯಾರೂ ಜಗಳ ಮಾಡಿ ಹೆಸರು ಬದಲಾಯಿಸಿಕೊಂಡು ಬಂದಿಲ್ಲ. ಯಾಕೋಬ ಬಂದ.

ಬೇತೇಲಿನಲ್ಲಿ ಅವನು ಹೊತ್ತ ಹರಕೆ ಚೌಕಾಸಿ ತರಹ ಇದೆಯಲ್ಲ?

ಚೌಕಾಸಿಯೇ. ನನ್ನ ಜೊತೆ ಇದ್ದರೆ, ಊಟ ಬಟ್ಟೆ ಕೊಟ್ಟರೆ, ಸುಖವಾಗಿ ವಾಪಸ್ ಬಂದರೆ, ಆಗ ನೀನೇ ನನ್ನ ದೇವರು, ಸಿಕ್ಕಿದ್ದರಲ್ಲಿ ಹತ್ತನೇ ಒಂದು ಪಾಲು ನಿನಗೆ. ನಮ್ಮ ಹರಕೆಗಳೂ ಹೆಚ್ಚುಕಡಿಮೆ ಹೀಗೇ ಇರುತ್ತವೆ. ತಮಾಷೆ ಅಂದರೆ ದೇವರು ಆಗಲೇ ನಾಡನ್ನೂ ಸಂತಾನವನ್ನೂ ಕೊಡ್ತೀನಿ ಅಂದಾಗಿತ್ತು. ಇವನು ಕೇಳಿದ್ದು ಊಟ, ಬಟ್ಟೆ. ಹರಕೆ ತೀರಿಸಲೂ ಅವಸರ ಮಾಡಲಿಲ್ಲ. ವಾಪಸ್ ಬಂದವನು ಶೆಕೆಮಿನಲ್ಲಿ ಜಮೀನು ಕೊಂಡು ಕೂತ. ಎದ್ದು ಬೇತೇಲಿಗೆ ಹೋಗು ಅಂತ ದೇವರೇ ನೆನಪಿಸಬೇಕಾಯ್ತು (35:1).

ಆಗ ಅವನ ವಯಸ್ಸೆಷ್ಟು? ಹುಡುಗನಲ್ವಾ?

ಚಿತ್ರಗಳಲ್ಲಿ ಹುಡುಗ. ಲೆಕ್ಕದಲ್ಲಿ ಸುಮಾರು 77. ಐಗುಪ್ತದ ದೊರೆ ಫರೋಹನ ಮುಂದೆ ನಿಂತಾಗ ಯಾಕೋಬನಿಗೆ 130. ಆಗ ಯೋಸೇಫನಿಗೆ 39: ಐಗುಪ್ತದಲ್ಲಿ ಅಧಿಕಾರ ಸಿಕ್ಕಾಗ 30, ಸುಭಿಕ್ಷದ 7 ವರ್ಷ, ಬರದ 2 ವರ್ಷ. ಅಂದರೆ ಯೋಸೇಫ ಹುಟ್ಟಿದಾಗ ಅಪ್ಪನಿಗೆ 91. ಅದಕ್ಕೂ 14 ವರ್ಷ ಹಿಂದೆ ಖಾರಾನಿಗೆ ಬಂದದ್ದು. ಮೂಲಪಿತೃಗಳ ವಯಸ್ಸನ್ನು ನಮ್ಮ ವಯಸ್ಸಿನ ಹಾಗೇ ಓದಬೇಕಾ ಅನ್ನುವ ಚರ್ಚೆ ಇದೆ. ಅದೇನೇ ಇರಲಿ, 'ಹುಡುಗಾಟದ ವಯಸ್ಸು, ಬಿಡಿ' ಅನ್ನುವ ಸಮಜಾಯಿಷಿ ಮಾತ್ರ ಇಲ್ಲಿ ನಡೆಯುವುದಿಲ್ಲ.

ಎರಡು ಮದುವೆ ದೇವರ ಚಿತ್ತವಾ?

ಅವನು ಬಯಸಿದ್ದು ರಾಹೇಲಳನ್ನು ಮಾತ್ರ. ಅವಳಿಗಾಗಿ ದುಡಿದ ಏಳು ವರ್ಷ ಅವನಿಗೆ ಸ್ವಲ್ಪ ದಿನದ ಹಾಗೆ ಕಂಡಿತಂತೆ. ಲೇಯ ಬಂದದ್ದು ಲಾಬಾನನ ಕುತಂತ್ರದಿಂದ. ಆ ಮನೆ ಹೇಗಿತ್ತು ಅನ್ನುವುದನ್ನು ಆದಿಕಾಂಡ ಮುಚ್ಚಿಡುವುದಿಲ್ಲ. ಒಂದು ಗಿಡದ ಹಣ್ಣಿನ ಬದಲಿಗೆ ರಾಹೇಲಳು ಗಂಡನ ಒಂದು ರಾತ್ರಿಯನ್ನು ಅಕ್ಕನಿಗೆ ಬಿಟ್ಟುಕೊಡುತ್ತಾಳೆ. ಹೊಲದಿಂದ ಬರುವ ಗಂಡನಿಗೆ ಲೇಯ ಎದುರು ಹೋಗಿ, ನಿನ್ನನ್ನು ಬಾಡಿಗೆ ಕೊಟ್ಟು ಪಡೆದಿದ್ದೇನೆ ಅನ್ನುತ್ತಾಳೆ. ಅಕ್ಕತಂಗಿಯರನ್ನು ಒಟ್ಟಿಗೆ ಮದುವೆಯಾಗಬಾರದು ಅಂತ ಮುಂದೆ ಯಾಜಕಕಾಂಡದಲ್ಲಿ ಕಾನೂನೇ ಬಂತು.

ಆದರೆ ಲೇಯಳ ಕಡೆ ನೋಡಿ. ಗಂಡ ಅವಳನ್ನು ಆರಿಸಲಿಲ್ಲ, ಪ್ರೀತಿಸಲಿಲ್ಲ. ಅವಳ ದುಃಖ ದೇವರು ನೋಡಿದರು ಅಂತ ಬರೆದಿದೆ. ಅವಳ ಮಗ ಲೇವಿಯ ಕುಲದಿಂದ ಯಾಜಕರು ಬಂದರು. ಇನ್ನೊಬ್ಬ ಮಗ ಯೂದನ ಕುಲದಿಂದ ದಾವೀದ ಬಂದ. ಯೇಸುವಿನ ವಂಶಾವಳಿಯೂ ಅದೇ. ಯಾಕೋಬನ ಆಯ್ಕೆಯ ಪಟ್ಟಿಯಲ್ಲೇ ಇಲ್ಲದ ಹೆಂಗಸಿನಿಂದ.

ಪಟ್ಟೆ ಸುಲಿದ ಕಡ್ಡಿ ನೋಡಿದರೆ ಮಚ್ಚೆ ಇರುವ ಮರಿ ಹುಟ್ಟುತ್ತಾ?

ಇಲ್ಲ. ಹುಟ್ಟುವಂತಿದ್ದರೆ ಬಣ್ಣದ ಗೋಡೆಯ ಕೊಟ್ಟಿಗೆಗಳಲ್ಲಿ ಬಣ್ಣದ ಕುರಿಗಳಿರಬೇಕಿತ್ತು. ಲಾಬಾನನ ಹಿಂಡಿನಲ್ಲಿ ಮಚ್ಚೆ ಇರುವ ಮರಿಗಳೇ ಯಾಕೋಬನ ಸಂಬಳ ಅಂತ ಮಾತಾಗಿತ್ತು. ಅಂಥ ಮರಿ ಹುಟ್ಟಲಿ ಅಂತ ಅವನು ಕಡ್ಡಿ ಸುಲಿದು ನೀರಿನ ತೊಟ್ಟಿಗಳಲ್ಲಿ ಇಟ್ಟದ್ದು ನಿಜ, ಅದು ಅವನ ತಲೆಯ ಐಡಿಯಾ. ಆಮೇಲೆ ಹೆಂಡತಿಯರಿಗೆ ಹೇಳುವಾಗ ಕಡ್ಡಿಯ ಸುದ್ದಿಯೇ ಎತ್ತುವುದಿಲ್ಲ. ಕನಸಿನಲ್ಲಿ ಮಚ್ಚೆಯ ಟಗರು ಹೋತಗಳನ್ನು ಕಂಡೆ, ನಿಮ್ಮಪ್ಪ ಹತ್ತು ಸಲ ಸಂಬಳ ಬದಲಾಯಿಸಿದರೂ ದೇವರು ಬಿಡಲಿಲ್ಲ ಅನ್ನುತ್ತಾನೆ.

ಯಬ್ಬೋಕ್ ಹೊಳೆಯ ಹತ್ತಿರ ಅವನು ಕುಸ್ತಿ ಆಡಿದ್ದು ಯಾರ ಜೊತೆ?

ಆದಿಕಾಂಡ 'ಒಬ್ಬ ಪುರುಷ' ಅನ್ನುತ್ತದೆ. ಪ್ರವಾದಿ ಹೋಶೇಯ 'ದೂತ' ಅನ್ನುತ್ತಾನೆ. ಯಾಕೋಬ ಮಾತ್ರ, ದೇವರನ್ನೇ ಮುಖಾಮುಖಿ ನೋಡಿದೆ ಅಂತ ಆ ಜಾಗಕ್ಕೆ ಪೆನೀಯೇಲ್ ಅಂತ ಹೆಸರಿಟ್ಟ. ಹೊಳೆ ಈಗಲೂ ಇದೆ, ಜೋರ್ಡಾನ್ ದೇಶದಲ್ಲಿ, ಜರ್ಕಾ ಅನ್ನುವ ಹೆಸರಲ್ಲಿ.

ಆ ರಾತ್ರಿಯ ಹಿನ್ನೆಲೆ ಗೊತ್ತಿರಬೇಕು. ಏಸಾವ 400 ಜನರ ಜೊತೆ ಬರುತ್ತಿದ್ದಾನೆ ಅಂತ ಸುದ್ದಿ. ಯಾಕೋಬ ಹೆದರಿ ಜನರನ್ನು ಎರಡು ಗುಂಪು ಮಾಡಿದ, ಪ್ರಾರ್ಥನೆ ಮಾಡಿದ, ಉಡುಗೊರೆ ಕಳಿಸಿದ. ಉಡುಗೊರೆ ಅಂದರೆ ಸಣ್ಣದಲ್ಲ. 220 ಆಡು, 220 ಕುರಿ, 30 ಹಾಲು ಕೊಡುವ ಒಂಟೆ ಮರಿಗಳ ಸಮೇತ, 40 ಹಸು, 10 ಹೋರಿ, 30 ಕತ್ತೆ. ಒಂಟೆಮರಿ ಬಿಟ್ಟು 550. ಅದೂ ಒಟ್ಟಿಗಲ್ಲ. ಹಿಂಡು ಹಿಂಡಾಗಿ, ನಡುವೆ ಅಂತರ ಬಿಟ್ಟು, ಅಣ್ಣನ ಸಿಟ್ಟು ಕಂತಿನಲ್ಲಿ ಇಳಿಯಲಿ ಅಂತ. ಪ್ಲಾನ್ ಮಾಡುವುದರಲ್ಲಿ ಇವನನ್ನು ಮೀರಿಸುವವರಿಲ್ಲ.

ಎಲ್ಲರನ್ನೂ ಹೊಳೆ ದಾಟಿಸಿ ಒಬ್ಬನೇ ಉಳಿದಾಗ ಕುಸ್ತಿ ಶುರು. ಬೆಳಗಾಗುವಾಗ ತೊಡೆಯ ಕೀಲು ತಪ್ಪಿತು. ಆಶೀರ್ವಾದ ಮಾಡದೆ ಬಿಡಲ್ಲ ಅಂತ ಹಿಡಿದೇ ಇದ್ದ. ಆಗ ಆ ಪುರುಷ ಕೇಳಿದ: ನಿನ್ನ ಹೆಸರೇನು?

ಹಿಂದೊಮ್ಮೆ ಆಶೀರ್ವಾದ ಬೇಡಿ ನಿಂತಾಗ ಅಪ್ಪನೂ ನೀನು ಯಾರು ಅಂತ ಕೇಳಿದ್ದ. ಆಗ 'ಏಸಾವ' ಅಂದಿದ್ದ. ಈ ಸಲ 'ಯಾಕೋಬ' ಅಂದ. ಇಡೀ ಕಥೆಯಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವ ಒಂದು ಪದದ ಉತ್ತರ ಇದು. 'ಇಸ್ರಾಯೇಲ್' ಅನ್ನುವ ಹೊಸ ಹೆಸರು ಸಿಕ್ಕಿದ್ದು ಹಳೇ ಹೆಸರನ್ನು ಬಾಯಿಬಿಟ್ಟು ಹೇಳಿದ ಮೇಲೆ. ಸೂರ್ಯ ಹುಟ್ಟುವಾಗ ಕುಂಟುತ್ತಾ ನಡೆದ. ಅದರ ನೆನಪಿಗೆ ಸಂಪ್ರದಾಯಸ್ಥ ಯೆಹೂದ್ಯರು ಇವತ್ತಿಗೂ ಪ್ರಾಣಿಯ ತೊಡೆಯ ಆ ನರವನ್ನು ತಿನ್ನುವುದಿಲ್ಲ.

ಅಲ್ಲಿಂದ ಪೂರ್ತಿ ಬದಲಾದನಾ?

ಪೂರ್ತಿ ಇಲ್ಲ. ಏಸಾವ ಓಡಿ ಬಂದು ತಬ್ಬಿಕೊಂಡು ಅತ್ತ. ನಿನ್ನ ಹಿಂದೆಯೇ ನಿನ್ನ ನಾಡು ಸೇಯೀರಿಗೆ ಬರ್ತೀನಿ ಅಂತ ಮಾತು ಕೊಟ್ಟು ಯಾಕೋಬ ಸುಕ್ಕೋತಿನ ಕಡೆ ತಿರುಗಿದ. ಮಗಳು ದೀನಾಳ ಮೇಲೆ ದೌರ್ಜನ್ಯವಾದಾಗ ಬಾಯಿ ಮುಚ್ಚಿಕೊಂಡಿದ್ದ. ಅಪ್ಪಅಮ್ಮ ಒಬ್ಬೊಬ್ಬ ಮಗನನ್ನು ಮೆಚ್ಚಿದ್ದರಿಂದ ಏನಾಯ್ತು ಅಂತ ಅನುಭವಿಸಿದವನೇ ಯೋಸೇಫನಿಗೆ ಮಾತ್ರ ವಿಶೇಷದ ಅಂಗಿ ಹೊಲಿಸಿದ. ಅಬ್ರಾಮ ಅಬ್ರಹಾಮನಾದ ಮೇಲೆ ಆದಿಕಾಂಡ ಹಳೇ ಹೆಸರಿಗೆ ತಿರುಗುವುದಿಲ್ಲ. ಇವನನ್ನು ಮಾತ್ರ ಕೊನೆಯವರೆಗೂ ಒಮ್ಮೆ ಇಸ್ರಾಯೇಲ್, ಒಮ್ಮೆ ಯಾಕೋಬ ಅನ್ನುತ್ತದೆ.

ಯೋಸೇಫ ಕಳೆದುಹೋದಾಗ ದೇವರು ಯಾಕೆ ಒಂದು ಮಾತೂ ಹೇಳಲಿಲ್ಲ?

17ನೇ ವಯಸ್ಸಿನಲ್ಲಿ ಹೋದ ಮಗನನ್ನು ಮತ್ತೆ ನೋಡಿದ್ದು 39ರಲ್ಲಿ. ಇಪ್ಪತ್ತೆರಡು ವರ್ಷ. ಮಗ ಬದುಕಿದ್ದಾನೆ ಅನ್ನುವ ಸುದ್ದಿ ಬರುವವರೆಗೆ ದೇವರು ಯಾಕೋಬನ ಜೊತೆ ಮಾತಾಡಿದ್ದು ಎಲ್ಲೂ ಬರೆದಿಲ್ಲ. ಯಾಕೆ ಅನ್ನುವುದಕ್ಕೆ ಆದಿಕಾಂಡ ಕಾರಣ ಕೊಡುವುದಿಲ್ಲ, ನಾನೂ ಕಟ್ಟಿ ಹೇಳುವುದಿಲ್ಲ. ಮಗ ಸತ್ತ ಮನೆಯಲ್ಲಿ 'ಎಲ್ಲಾ ಒಳ್ಳೇದಕ್ಕೇ' ಅನ್ನುವವರ ಪಕ್ಕ ಕೂರಲು ನನಗೂ ಕಷ್ಟವಾಗಿದೆ.

ಒಂದು ದೃಶ್ಯ ಮಾತ್ರ ತೋರಿಸಬಲ್ಲೆ. ಕೊನೆಯ ಮಗ ಬೆನ್ಯಾಮೀನನನ್ನೂ ಐಗುಪ್ತಕ್ಕೆ ಕಳಿಸು ಅಂದಾಗ, ಎಲ್ಲಾ ನನ್ನ ತಲೆಯ ಮೇಲೇ ಬಂತು ಅಂತ ಮುದುಕ ಗೋಳಾಡುತ್ತಾನೆ (42:36). ಅವನು ಆ ಮಾತು ಆಡುವ ಹೊತ್ತಿಗೆ ಮಗ ಬದುಕಿದ್ದಾನೆ, ಐಗುಪ್ತದ ಕಣಜಗಳ ಬೀಗ ಅವನ ಕೈಯಲ್ಲಿದೆ, ಮಕ್ಕಳ ಚೀಲದಲ್ಲಿ ಬಂದ ದವಸವೂ ಅವನೇ ಕೊಟ್ಟದ್ದು. ಅದೇ ದವಸದ ಪಕ್ಕದಲ್ಲಿ ನಿಂತು ಅಳುತ್ತಿದ್ದಾನೆ.

ಕುರಾನಿನ ಯೂಸುಫ್ ಅಧ್ಯಾಯದಲ್ಲಿ ಯಾಕೂಬ್ ಇನ್ನೊಂದು ರೀತಿ ಕಾಣುತ್ತಾರೆ. ದುಃಖದಿಂದ ಕಣ್ಣು ಬೆಳ್ಳಗಾಗುತ್ತವೆ, ಆದರೂ ತಾಳ್ಮೆ ಮತ್ತು ಭರವಸೆ ಬಿಡುವುದಿಲ್ಲ. ಮಗನ ಅಂಗಿ ಮುಖಕ್ಕೆ ತಾಗಿದಾಗ ದೃಷ್ಟಿ ಮರಳುತ್ತದೆ. ಆದಿಕಾಂಡದ ಯಾಕೋಬ ಅಷ್ಟು ತಾಳ್ಮೆಯವನಲ್ಲ.

ನನ್ನ ಕೆಲಸ, ಮದುವೆಯ ವಿಷಯದಲ್ಲಿ ದೇವರ ಚಿತ್ತ ಯಾವುದು ಅಂತ ಇದರಿಂದ ಗೊತ್ತಾಗುತ್ತಾ?

ಸೂತ್ರ ಸಿಗುವುದಿಲ್ಲ. ಒಂದು ಎಚ್ಚರಿಕೆ ಸಿಗುತ್ತದೆ. ನಾನೂ ಒಮ್ಮೆ ಒಂದು ಕೆಲಸ ಬಿಟ್ಟು, ಸಭೆಯಲ್ಲಿ ಎದ್ದು ನಿಂತು 'ಕರ್ತರು ನಡೆಸಿದರು' ಅಂತ ಸಾಕ್ಷಿ ಹೇಳಿದ್ದೆ. ನಿಜ ಏನಂದರೆ ಮೇಲಿನವರ ಜೊತೆ ಜಗಳವಾಗಿತ್ತು, ಸಿಟ್ಟಿನಲ್ಲಿ ಬಿಟ್ಟಿದ್ದೆ. ಆಮೇಲೆ ಒಂದು ದಿನ ಆದಿಕಾಂಡ 27:20 ಓದುವಾಗ ಕಿವಿ ಬಿಸಿಯಾಯ್ತು.

ಯಾಕೋಬನೂ ತನ್ನ ಬದುಕನ್ನು ಒಂದೇ ಸಲಕ್ಕೆ ಓದಿಕೊಳ್ಳಲಿಲ್ಲ. 130ರಲ್ಲಿ ಫರೋಹನ ಮುಂದೆ, ನನ್ನ ದಿನಗಳು ಕೆಲವೇ, ಅವೂ ಕಷ್ಟದವು ಅಂದ. 147ಕ್ಕೆ ತೀರಿಕೊಳ್ಳುವ ಸ್ವಲ್ಪ ಮೊದಲು, ಹುಟ್ಟಿದ ದಿನದಿಂದ ಇವತ್ತಿನವರೆಗೂ ನನ್ನನ್ನು ಕುರುಬನ ಹಾಗೆ ಕಾಯ್ದ ದೇವರು ಅಂದ (48:15). ಜೀವನಪೂರ್ತಿ ಕುರಿ ಕಾಯ್ದವನು, ಹಗಲ ಬಿಸಿಲು ರಾತ್ರಿಯ ಚಳಿ ತಿಂದವನು ಆಡಿದ ಮಾತು ಇದು. ಕಾಯುವವನು ರಾತ್ರಿ ಏನು ಪಡುತ್ತಾನೆ ಅಂತ ಕುರಿಗೆ ಗೊತ್ತಿರುವುದಿಲ್ಲ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಎರಡು ಮಾತಿನ ನಡುವೆ ಐಗುಪ್ತದಲ್ಲಿ ಯೋಸೇಫನ ಜೊತೆ ಕಳೆದ 17 ವರ್ಷ ಇದೆ. ಕಳೆದುಹೋಗುವ ಮೊದಲು ಮಗ ಅವನ ಜೊತೆ ಇದ್ದದ್ದೂ ಅಷ್ಟೇ ವರ್ಷ.

ಕೊನೆಗಾಲದಲ್ಲಿ ಮೊಮ್ಮಕ್ಕಳನ್ನು ಆಶೀರ್ವದಿಸುವಾಗ ಕೈ ಅಡ್ಡ ಹಾಕಿದ್ದು ಯಾಕೆ?

ಯೋಸೇಫ ಹಿರಿಯ ಮನಸ್ಸೆಯನ್ನು ಅಜ್ಜನ ಬಲಗೈ ಕಡೆ, ಕಿರಿಯ ಎಫ್ರಾಯೀಮನನ್ನು ಎಡಗೈ ಕಡೆ ನಿಲ್ಲಿಸಿದ. ಯಾಕೋಬ ಕೈಗಳನ್ನು ಅಡ್ಡ ಮಾಡಿ ಬಲಗೈಯನ್ನು ಕಿರಿಯನ ತಲೆಯ ಮೇಲೆ ಇಟ್ಟ. ಮತ್ತೆ ಕಣ್ಣು ಮಂಜಾದ ಮುದುಕ, ಮತ್ತೆ ಇಬ್ಬರು ಅಣ್ಣತಮ್ಮಂದಿರು, ಮತ್ತೆ ಕಿರಿಯನಿಗೆ ಮೊದಲ ಪಾಲು. ಈ ಸಲ ವೇಷ ಇಲ್ಲ, ಎಲ್ಲರ ಎದುರಿಗೇ ನಡೆಯಿತು. ಯೋಸೇಫ ಕೈ ಹಿಡಿದು ಸರಿಸಲು ಹೋದ. ಗೊತ್ತು ಮಗನೇ, ಗೊತ್ತು ಅಂದ ಮುದುಕ.

ಅವನ ಸಮಾಧಿ ಎಲ್ಲಿದೆ?

ಹೆಬ್ರೋನಿನ ಮಕ್ಪೇಲ ಗವಿಯಲ್ಲಿ, ಅಬ್ರಹಾಮ ದುಡ್ಡು ಕೊಟ್ಟು ಕೊಂಡ ಜಾಗದಲ್ಲಿ. ಐಗುಪ್ತದಲ್ಲಿ 40 ದಿನ ಸುಗಂಧದ್ರವ್ಯ ತುಂಬಿ ದೇಹವನ್ನು ಕಾಪಿಟ್ಟು, ಅಲ್ಲಿಂದ ಮಕ್ಕಳು ಹೊತ್ತು ತಂದರು. ರಾಹೇಲಳು ಅಲ್ಲಿಲ್ಲ. ಬೆನ್ಯಾಮೀನನನ್ನು ಹೆತ್ತು ಸತ್ತ ಅವಳನ್ನು ಎಫ್ರಾತಿನ ದಾರಿಯಲ್ಲೇ ಮಣ್ಣು ಮಾಡಿದ್ದ. ಗವಿಯಲ್ಲಿ ಯಾರ್ಯಾರಿದ್ದಾರೆ ಅಂತ ಸಾಯುವ ಮೊದಲು ಮಕ್ಕಳಿಗೆ ಅವನೇ ಎಣಿಸಿ ಹೇಳಿದ: ಅಬ್ರಹಾಮ, ಸಾರ, ಇಸಾಕ, ರೆಬೆಕ್ಕ. ಕೊನೆಗೆ, ಲೇಯಳನ್ನು ನಾನೇ ಅಲ್ಲಿ ಸಮಾಧಿ ಮಾಡಿದೆ ಅಂದ. ನನ್ನನ್ನೂ ಅಲ್ಲೇ ಇಡಿ ಅಂತ ಆಜ್ಞೆ ಮಾಡಿ, ಕಾಲುಗಳನ್ನು ಹಾಸಿಗೆಯೊಳಗೆ ಮಡಚಿಕೊಂಡ.